ಕೆಲಸ ಬಿಟ್ಟು ಊರಿಗೆ ಬಂದು ಹೊಲ ನೋಡಿಕೊಂಡರೆ ನೆಮ್ಮದಿ ಸಿಗುತ್ತಾ? ಆರು ತಿಂಗಳ ಉಳಿತಾಯ ಸಾಕಾ?

ನೀವು ಬರೆದದ್ದು ಓದಿದೆ: ರಾತ್ರಿ ಹನ್ನೊಂದಕ್ಕೂ ಬಡಿಯುವ ಆಫೀಸ್ ಫೋನು, ಹಾವೇರಿ ಕಡೆ ಅಪ್ಪನ ನಾಲ್ಕು ಎಕರೆ ಎರೆಹೊಲ, ಕೈಯಲ್ಲಿ ಆರು ತಿಂಗಳ ಪಗಾರ. ಊರಷ್ಟೇ ಬೇರೆ, ಉಳಿದದ್ದೆಲ್ಲ ನನ್ನ ಕಥೆಯೇ. ನಾನು ಬೆಂಗಳೂರು ಬಿಟ್ಟು ಬಂದದ್ದು ಕುಂದಗೋಳ ಸೀಮೆಗೆ. ಮೊದಲ ವರ್ಷ ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಬೆಳೆ ಚೊಲೋ ಬಂತು. ಕೆಡಿಸಿದ್ದು ನಾನು, ಕಣದಲ್ಲಿ, ನಾಲ್ಕು ದಿನದ ಅವಸರಕ್ಕೆ.

ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಟ್ಯಾಗ್ (ಈ ಸೀಮೆಯ ಬೆಳೆ ಅನ್ನೋ ಸರಕಾರಿ ಗುರುತು) ಕೂಡ ಬಂದಿದೆ. ವ್ಯಾಪಾರಿ ರೊಕ್ಕ ಕೊಡೋದೇ ಬಣ್ಣಕ್ಕೆ, ಆ ಬಣ್ಣ ಉಳಿಯೋದು ಅಥವಾ ಹೋಗೋದು ಒಣಗಿಸುವಾಗ. ಬಿಡಿಸಿದ ಕಾಯಿಯನ್ನು ಒಂದೆರಡು ದಿನ ನೆರಳಲ್ಲಿ ಗುಡ್ಡೆ ಹಾಕಿಟ್ಟರೆ ಅರೆಗೆಂಪು ಇದ್ದದ್ದೂ ಪೂರ್ತಿ ಕೆಂಪಾಗುತ್ತದೆ. ಆಮೇಲೆ ತಾಡಪತ್ರಿ ಮೇಲೆ ನಾಲ್ಕು ಬೆರಳಿಗಿಂತ ದಪ್ಪ ಆಗದಂತೆ ಹರವಿ, ದಿನಕ್ಕೆ ಮೂರು ಸಲವಾದರೂ ಕೈಯಾಡಿಸಬೇಕು. ಬರೀ ನೆಲದ ಮೇಲೆ ಹರವಿದರೆ ಮಣ್ಣೂ ಹತ್ತುತ್ತದೆ, ಬೂಷ್ಟೂ ಹಿಡಿಯುತ್ತದೆ. ಇಬ್ಬನಿ ಬೀಳುವ ಮೊದಲೇ ಒಟ್ಟುಮಾಡಿ ಮುಚ್ಚಬೇಕು, ಇಲ್ಲದಿದ್ದರೆ ಮರುದಿನ ಕಾಯಿ ಮೇಲೆ ಕಲೆ. ಬಿಸಿಲು ನೆಟ್ಟಗಿದ್ದರೆ 10ರಿಂದ 15 ದಿನ. ಹಸಿಕಾಯಿ ನಾಲ್ಕು ಕಿಲೋ ಇದ್ದದ್ದು ಒಣಗಿ ಹೆಚ್ಚುಕಡಿಮೆ ಒಂದು ಕಿಲೋಕ್ಕೆ ಇಳಿಯುತ್ತದೆ, ಒಳಗಿನ ತೇವ 10%ರ ಹತ್ತಿರ ಬರಬೇಕು.

ನಾನು ಎಂಟನೇ ದಿನಕ್ಕೇ ಚೀಲ ತುಂಬಿಸಿದೆ. ಕಾರಣ ಕೇಳಿದರೆ ನಗ್ತೀರಿ. ಬ್ಯಾಡಗಿ ಊರಿನ ಮೆಣಸಿನಕಾಯಿ ಸಂತೆ ಸೋಮವಾರ ಮತ್ತು ಗುರುವಾರ. ಗುರುವಾರ ತಪ್ಪಿದರೆ ಸೋಮವಾರದವರೆಗೆ ಕಾಯಬೇಕಿತ್ತು. ಯಾರೂ ಅವಸರ ಮಾಡಿರಲಿಲ್ಲ, ದರವೂ ಇಳಿಯುತ್ತಿರಲಿಲ್ಲ. ನಾನೇ ಮೊಬೈಲಿನ ಕ್ಯಾಲೆಂಡರಿನಲ್ಲಿ ಗುರುವಾರದ ಮೇಲೆ ಕೆಂಪು ಗುರುತು ಹಾಕಿಕೊಂಡಿದ್ದೆ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅಂತಿದ್ದವು, ಅಷ್ಟೇ ಸಾಕು ಅಂದುಕೊಂಡೆ. ಕಾಕಾ ಮಾತ್ರ ಒಂದು ಕಾಯಿ ತೊಟ್ಟು ಕಿತ್ತು, ಅದರ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಮೆತ್ತಗಿತ್ತು. 'ಇದು ಇನ್ನೂ ಹಸಿ ಐತಿ ತಮ್ಮಾ, ಸ್ವಾಮಾರ ಹೋದ್ರಾತು' ಅಂದರು. ಕೇಳಲಿಲ್ಲ.

ಆಮೇಲೆ ಗೊತ್ತಾಯಿತು: ಕಾಯಿಯ ಸಿಪ್ಪೆ ಮೊದಲು ಒಣಗುತ್ತದೆ, ತೊಟ್ಟಿನ ಬುಡ ಎಲ್ಲಕ್ಕಿಂತ ಕೊನೆಗೆ. ಚೀಲದಲ್ಲಿ ತುಳಿದು ತುಂಬಿ, ಗಾಡಿ ಮೇಲೆ ತಾಡಪತ್ರಿ ಬಿಗಿದು ರಾತ್ರಿಯಿಡೀ ಇಟ್ಟಾಗ ಬುಡದಲ್ಲಿ ಉಳಿದ ತೇವ ಹೊರಬಂದು ಇಡೀ ಚೀಲಕ್ಕೆ ಹಬ್ಬಿತು. ಬೆಳಿಗ್ಗೆ ದಲಾಲಿ ಅಂಗಡಿ ಮುಂದೆ 22 ಚೀಲ ಇಳಿಸಿದ್ದೆ. ಮಾಲು ನೋಡಲು ಬಂದ ವ್ಯಾಪಾರಿ ಮೇಲಿನ ಕಾಯಿ ಮುಟ್ಟಲೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ಚೀಲದ ನಡುವಿನಿಂದ ಒಂದು ಹಿಡಿ ತೆಗೆದು, ಮೂಗಿಗೆ ಹಿಡಿದು, ವಾಪಸ್ ಹಾಕಿ, ಏನೂ ಅನ್ನದೆ ಮುಂದಿನ ರಾಶಿಗೆ ಹೋದ. ವ್ಯಾಪಾರಿಗಳು ಆನ್‌ಲೈನಿನಲ್ಲಿ ದರ ಹಾಕುವ ಇ-ಟೆಂಡರಿನಲ್ಲಿ ನನಗೆ ಬಂದ ದರ ಪಕ್ಕದ ಹೊಲದವರಿಗಿಂತ ಮೂರನೇ ಒಂದು ಭಾಗ ಕಡಿಮೆ. ವ್ಯಾಪಾರಿಯದೇನೂ ತಪ್ಪಿಲ್ಲ. ನೀರಿನ ತೂಕಕ್ಕೆ ಯಾಕೆ ರೊಕ್ಕ ಕೊಡಬೇಕು? ಅಂಥ ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿದರೂ ಬಣ್ಣ ಇಳಿಯುತ್ತದೆ.

ಅಷ್ಟಾದರೂ ಉಳಿಸಿಕೊಳ್ಳಬಹುದಿತ್ತು. ಬಂದ ದರ ಒಪ್ಪಲೇಬೇಕು ಅಂತ ಕಾಯ್ದೆ ಇಲ್ಲ. ಟೆಂಡರ್ ಬೇಡ ಅಂದು, ಚೀಲ ವಾಪಸ್ ತಂದು, ಸುರುವಿ ಮೂರು ದಿನ ಬಿಸಿಲಿಗೆ ಹಾಕಿದ್ದರೆ ನಷ್ಟ ಬರೀ ಗಾಡಿ ಬಾಡಿಗೆ ಮತ್ತು ಹಮಾಲಿ. ಆದರೆ ಇವತ್ತಿನ ಕೆಲಸ ಇವತ್ತೇ ಮುಗಿಸಬೇಕೆಂಬ ಆಫೀಸಿನ ಚಾಳಿ. ಒಪ್ಪಿಬಿಟ್ಟೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಹೊಲವೇನು ನಿಧಾನದ ಜಾಗ ಅಲ್ಲ. ಮೋಡ ಕವಿದಾಗ ಹರವಿದ ಕಾಯಿ ಹತ್ತು ನಿಮಿಷದಲ್ಲಿ ಮುಚ್ಚಬೇಕಾಗುತ್ತದೆ, ಅದರ ಮುಂದೆ ನಿಮ್ಮ ರಾತ್ರಿ ಹನ್ನೊಂದರ ಫೋನು ಏನೂ ಅಲ್ಲ. ಕಷ್ಟ ಕೊಡುತ್ತಿರೋದು ಫೋನಾದರೆ ಫೋನನ್ನೇ ಸರಿಮಾಡಿ: ಆಫೀಸಿಗೆ ಬೇರೆ ಸಿಮ್, ಏಳಕ್ಕೆ ಅದನ್ನು ಬಂದ್ ಮಾಡೋದು. ಕಂಪನಿಯ ಆ್ಯಪ್‌ಗಳು ಆಂಡ್ರಾಯ್ಡಿನ ವರ್ಕ್ ಪ್ರೊಫೈಲಿನಲ್ಲಿದ್ದರೆ (ಆಫೀಸಿನ ಆ್ಯಪ್‌ಗಳನ್ನು ಬೇರೆಯಾಗಿಡುವ ಜಾಗ) ಒಂದೇ ಒತ್ತಿಗೆ ಎಲ್ಲ ಸುಮ್ಮನಾಗುತ್ತವೆ. ಇದಕ್ಕೆ ರಾಜೀನಾಮೆ ಯಾಕೆ?

ಆರು ತಿಂಗಳ ಉಳಿತಾಯ ಅನ್ನೋದು ಪಗಾರದವರ ಲೆಕ್ಕ. ಮೆಣಸಿನಕಾಯಿಯ ಬೀಜ ಮಡಿಗೆ ಬೀಳೋದು ಮೇ-ಜೂನಿನಲ್ಲಿ, ಅಗಿ (ಸಸಿ) ಹಚ್ಚೋದು ಜುಲೈ-ಆಗಸ್ಟ್, ಬಿಡಿಸೋದು ಡಿಸೆಂಬರ್ ದಾಟಿದ ಮೇಲೆ, ರೊಕ್ಕ ಕಾಣೋದು ಫೆಬ್ರುವರಿಗೆ. ಒಂದು ವರ್ಷ ಕೈಕೊಟ್ಟರೆ ಇನ್ನೊಂದು ವರ್ಷ. ದರ ಬಿತ್ತೆಂದು ಸಿಟ್ಟಿಗೆದ್ದ ರೈತರು 2024ರ ಮಾರ್ಚ್ 11ರಂದು ಬ್ಯಾಡಗಿಯ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಕಚೇರಿಗೇ ನುಗ್ಗಿದ್ದರು, ನೆನಪಿರಬೇಕು. ಹದಿನೆಂಟು ತಿಂಗಳ ಮನೆಖರ್ಚು, ಜೊತೆಗೆ ಬಿಡಿಸುವ ಹೆಣ್ಣಾಳುಗಳ ಕೂಲಿ ಬೇರೆಯಾಗಿ ಎತ್ತಿಟ್ಟಿರಬೇಕು. ಕೂಲಿಯನ್ನು ವಾರಕ್ಕೊಮ್ಮೆ ಕೈಯಲ್ಲೇ ಕೊಡಬೇಕು, ಸಂತೆ ಆಗಲಿ ಅಂತ ಅವರು ಕಾಯೋದಿಲ್ಲ.

ಈ ಜನವರಿ ಕೊನೆಗೆ 15 ದಿನ ರಜೆ ಹಾಕಿ ನಿಮ್ಮ ಕಣಕ್ಕೆ ಬನ್ನಿ. ಬರುವ ಮೊದಲು ಅಪ್ಪಾಜಿಗೆ ಒಂದು ಮಾತು ಹೇಳಿಬಿಡಿ: ಸಂಜೆ ಐದೂವರೆಗೆ ತಾಡಪತ್ರಿ ಎಳೆಯಲು ನೀವು ಇರ್ತೀರೋ, ಮೀಟಿಂಗಿನಲ್ಲಿ ಇರ್ತೀರೋ. ಆಳು ಹಚ್ಚಬೇಕಾದರೆ ಅಪ್ಪಾಜಿಗೆ ಹಿಂದಿನ ದಿನವೇ ಗೊತ್ತಿರಬೇಕು.