ಅಲೆ, ತೂಕ, ಅಳಿವೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸ್ಕವರಿ ವಾಹಿನಿಯ ಏಡಿ ಬೇಟೆಯ ಕಾರ್ಯಕ್ರಮ ‘ಡೆಡ್ಲಿಯೆಸ್ಟ್ ಕ್ಯಾಚ್’ ನೋಡಿ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಸಾಕಷ್ಟು ಪ್ರಶ್ನೆ ಕಳಿಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಮನೆಯೆತ್ತರದ ಅಲೆ ಬೋಟಿನ ಮೇಲೆ ಬೀಳುತ್ತದೆ, ಬೋಟು ಮತ್ತೆ ಏಳುತ್ತದೆ. ಹಾಗಿದ್ದರೆ ಅದು ಮುಳುಗುವುದು ಯಾವಾಗ?
– ಓದುಗರು, ಸಕಲೇಶಪುರ

ಬಾಗಿಲು, ಮುಚ್ಚಳಗಳೆಲ್ಲ ಭದ್ರವಾಗಿದ್ದು, ಹೇರಿದ ತೂಕ ತಳದಲ್ಲಿದ್ದರೆ ಎದುರಿನಿಂದ ಬಂದ ದೊಡ್ಡ ಅಲೆಯನ್ನೂ ಬೋಟು ತಾಳಿಕೊಳ್ಳುತ್ತದೆ. ತೂಕ ಮೇಲೇರಿದಾಗ ಮಾತ್ರ ಸಣ್ಣ ಅಲೆಯೂ ಅದನ್ನು ಮಗುಚುತ್ತದೆ. ಹುಲ್ಲನ್ನು ಎತ್ತರಕ್ಕೆ ಹೇರಿಕೊಂಡ ಲಾರಿ ತಿರುವಿನಲ್ಲಿ ಏಕೆ ಉರುಳುತ್ತದೆ ಎಂದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹಾಕಿ ನೋಡಿ. ಅಲಾಸ್ಕಾದ ಏಡಿ ಬೋನು ಉಕ್ಕಿನ ಚೌಕಟ್ಟಿಗೆ ಬಲೆ ಹೆಣೆದದ್ದು. ಸುಮಾರು 7 ಅಡಿ ಉದ್ದ, 7 ಅಡಿ ಅಗಲ. ಖಾಲಿ ಬೋನೇ 270ರಿಂದ 360 ಕಿಲೊ ತೂಗುತ್ತದೆ. ನೂರು ಬೋನು ಪೇರಿಸಿದರೆ ಡೆಕ್ಕಿನ ಮೇಲೆ ಸುಮಾರು 30 ಟನ್. ಬೇರಿಂಗ್ ಸಮುದ್ರದ ಚಳಿಗಾಲದಲ್ಲಿ ಇದರ ಮೇಲೆ ಹಿಮ ಕೂರುತ್ತದೆ. ಬೋಟಿನ ಮೂತಿ ಅಲೆಗೆ ಬಡಿದಾಗ ಏಳುವ ತುಂತುರು ಕೊರೆಯುವ ಗಾಳಿಗೆ ಸಿಕ್ಕಿ, ತಾಗಿದಲ್ಲೇ ಹೆಪ್ಪುಗಟ್ಟುತ್ತದೆ: ಕಂಬಿಗೆ, ಹಗ್ಗಕ್ಕೆ, ಬೋನಿನ ಒಂದೊಂದು ಎಳೆಗೆ. 200 ಚದರ ಮೀಟರ್ ಜಾಗದಲ್ಲಿ ಬರೀ 5 ಸೆಂಟಿಮೀಟರ್ ದಪ್ಪ ಕಟ್ಟಿದರೂ ಅದು 10 ಘನ ಮೀಟರ್. ತೂಕ ಹತ್ತಿರ ಹತ್ತಿರ 9 ಟನ್. ಅಷ್ಟೂ ಸೇರುವುದು ಬೋಟಿನ ಎತ್ತರದ ಭಾಗಗಳಿಗೆ. 2017ರ ಫೆಬ್ರುವರಿಯಲ್ಲಿ ‘ಡೆಸ್ಟಿನೇಷನ್’ ಎಂಬ ಏಡಿ ಬೋಟು ಆರು ಮಂದಿಯೊಂದಿಗೆ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ತನಿಖೆಯಲ್ಲಿ ಕಂಡುಬಂದದ್ದು ಇದೇ: ಬೋಟಿನ ಮೇಲೆ ಬೆಳೆದ ಹಿಮ, ಮತ್ತು ಬೋಟಿನ ಸಮತೋಲನದ ಲೆಕ್ಕವಿರುವ ಪುಸ್ತಕದಲ್ಲಿ ಬರೆದದ್ದಕ್ಕಿಂತ ಭಾರವಾಗಿದ್ದ ಬೋನುಗಳು.

ಟಿವಿಯಲ್ಲಿ ಸುತ್ತಿಗೆ ಹಿಡಿದು ಹಿಮ ಒಡೆಯುವುದನ್ನು ನೋಡಿರುತ್ತೀರಿ. ಅದಕ್ಕೂ ಕ್ರಮವಿದೆ. ಮೇಲಿನದನ್ನು ಮೊದಲು ಒಡೆಯಬೇಕು, ಎರಡೂ ಬದಿಯಲ್ಲಿ ಸಮನಾಗಿ ಇಳಿಸುತ್ತ ಬರಬೇಕು. ಒಂದೇ ಬದಿ ಖಾಲಿಯಾದರೆ ಬೋಟು ಇನ್ನೊಂದು ಬದಿಗೆ ವಾಲುತ್ತದೆ. ಡೆಕ್ಕಿನ ಅಂಚಿನಲ್ಲಿ ನೀರು ಹೊರಹೋಗುವ ಕಿಂಡಿಗಳನ್ನು ತೆರವಾಗಿಡಬೇಕು, ಇಲ್ಲದಿದ್ದರೆ ಹತ್ತಿದ ಅಲೆ ಅಲ್ಲೇ ನಿಲ್ಲುತ್ತದೆ. ವೇಗ ತಗ್ಗಿಸಿ ಗಾಳಿ ಬೆನ್ನಿಗೆ ಬರುವಂತೆ ತಿರುಗಿದರೆ ತುಂತುರು ಕಡಿಮೆ. ಆದರೆ ಹಿಮ ಹೊತ್ತು ವಾಲುತ್ತಿರುವ ಬೋಟನ್ನು ತಿರುಗಿಸುವ ಆ ನಿಮಿಷವೇ ಅಪಾಯದ್ದು, ಅಷ್ಟು ಹೊತ್ತು ಅಲೆಗೆ ಮೈ ಅಡ್ಡ ಬಿದ್ದಿರುತ್ತದೆ. ಹಿಮ ಬೆಳೆಯುವ ಮೊದಲೇ ತಿರುಗಬೇಕು.

ಅರೆ ತುಂಬಿದ ತೊಟ್ಟಿ ಇನ್ನೊಂದು ವೈರಿ. ಏಡಿಯನ್ನು ಜೀವಂತ ತರಲು ಬೋಟಿನ ಹೊಟ್ಟೆಯಲ್ಲಿ ಸಮುದ್ರದ ನೀರಿನ ತೊಟ್ಟಿಗಳಿರುತ್ತವೆ. ಅವು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧವಿದ್ದರೆ ಬೋಟು ವಾಲಿದ ಕಡೆಗೇ ನೀರೆಲ್ಲ ಓಡಿ ಇನ್ನಷ್ಟು ವಾಲಿಸುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಅರ್ಧ ತುಂಬಿದ ಟ್ಯಾಂಕರ್ ಓಡಿಸಿದವರಿಗೆ ಈ ಜೋಲಿ ಗೊತ್ತಿರುತ್ತದೆ.

ಬೋಟು ನಡೆಸುವ ತಾಂಡೇಲರು ಗಮನಿಸುವ ಒಂದು ಸೂಚನೆಯನ್ನು ಟಿವಿ ತೋರಿಸುವುದೇ ಇಲ್ಲ. ಬೋಟು ಪಟಪಟನೆ ವಾಲಿ ನೆಟ್ಟಗಾಗುತ್ತಿದ್ದರೆ ಒಳಗಿರುವವರಿಗೆ ಹಿಂಸೆ, ಆದರೆ ಬೋಟಿಗೆ ಬಲವಿದೆ ಎಂದರ್ಥ. ವಾಲಿದ್ದು ನಿಧಾನವಾಗಿ, ತೊಟ್ಟಿಲು ತೂಗಿದಂತೆ ಮರಳತೊಡಗಿದರೆ ತೂಕ ಮೇಲೇರಿದೆ. ಹಾಯೆನಿಸುವ ಆ ತೂಗಾಟಕ್ಕೆ ಮೋಸಹೋಗಬಾರದು.

ಕಾರ್ಯಕ್ರಮದಲ್ಲಿ ತೋರಿಸುವುದೆಲ್ಲ ನಿಜವೇ?
– ಓದುಗರು, ಹಾಸನ

ಚಳಿ, ನಿದ್ದೆಗೇಡು, ಮುರಿದ ಬೆರಳು, ಇವೆಲ್ಲ ನಿಜ. ಆದರೆ ವಾರಗಟ್ಟಲೆ ಸಾಗುವ ಕೆಲಸವನ್ನು ಮುಕ್ಕಾಲು ಗಂಟೆಗೆ ಇಳಿಸುವಾಗ ಬೋನು ಇಳಿಸು, ಬೋನು ಎತ್ತು, ಏಡಿ ಅಳೆ ಎಂಬ ಒಂದೇ ಸಮನಾದ ದುಡಿತ ಬಿಟ್ಟುಹೋಗುತ್ತದೆ. ಅಳೆಯುವ ಕೋಲನ್ನು ಎಷ್ಟು ಜನ ಗಮನಿಸಿದ್ದೀರೋ ಕಾಣೆವು. ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯ ಕೆಂಪು ಕಿಂಗ್ ಏಡಿಯಲ್ಲಿ ಗಂಡನ್ನಷ್ಟೇ ಇಟ್ಟುಕೊಳ್ಳಬಹುದು. ಚಿಪ್ಪಿನ ಅಗಲ ಆರೂವರೆ ಅಂಗುಲಕ್ಕೆ ಕಡಿಮೆಯಿರಬಾರದು. ಹೆಣ್ಣು, ಮರಿಗಳೆಲ್ಲ ವಾಪಸ್ ನೀರಿಗೆ. ಬೋನಿನ ಬಲೆಯಲ್ಲಿ 18 ಅಂಗುಲದ ಸೀಳೊಂದನ್ನು ಬಿಟ್ಟು ಹತ್ತಿ ದಾರದಿಂದಲೇ ಹೊಲಿದಿರಬೇಕೆಂಬ ನಿಯಮವೂ ಇದೆ. ಹಗ್ಗ ಕಡಿದು ಬೋನು ತಳ ಸೇರಿದರೆ ದಾರ ಕೊಳೆತು ಸೀಳು ಬಿಚ್ಚಿಕೊಳ್ಳುತ್ತದೆ, ಒಳಗಿನ ಏಡಿಗಳು ಹೊರಬೀಳುತ್ತವೆ. ನೈಲಾನ್ ಬಳಸಿದರೆ ಆ ಬೋನು ವರ್ಷಗಟ್ಟಲೆ ಸುಮ್ಮನೆ ಕೊಲ್ಲುತ್ತಲೇ ಇರುತ್ತದೆ. ಇಷ್ಟು ಒಳ್ಳೆಯ ವಿಚಾರಕ್ಕೆ ಕಾರ್ಯಕ್ರಮದಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಇನ್ನೊಂದು ಮಾತು. ಪ್ರಸಾರ ಶುರುವಾದ 2005ರಲ್ಲೇ ಅಲ್ಲಿನ ಪದ್ಧತಿ ಬದಲಾಯಿತು. ಮೊದಲು ಕೆಲವೇ ದಿನದ ಹಂಗಾಮು; ಹಿಡಿದವರಿಗೆ ಹಿಡಿದಷ್ಟು. ಬಿರುಗಾಳಿಯಿದ್ದರೂ ಹೋಗಲೇಬೇಕಿತ್ತು. ಆಮೇಲೆ ಬೋಟಿಗಿಷ್ಟೆಂದು ಪಾಲು ಗೊತ್ತುಮಾಡಿದರು. ಹವೆ ಕೆಟ್ಟರೆ ದಕ್ಕೆಯಲ್ಲಿ ಕಾಯಬಹುದಾಯಿತು, ಬೋಟುಗಳ ಸಂಖ್ಯೆಯೂ ಇಳಿಯಿತು. ಪರದೆಯ ಮೇಲಿನ ಓಟದ ಅಬ್ಬರ ಮಾತ್ರ ಹಳೆಯ ಕಾಲದ್ದೇ.

ಚಾರ್ಮಾಡಿ ಇಳಿಯುವಷ್ಟರಲ್ಲೇ ಮಕ್ಕಳಿಗೆ ವಾಂತಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಕರೆದೊಯ್ಯುವುದು ಹೇಗೆ?
– ಓದುಗರು, ಮೂಡಿಗೆರೆ

ಕಾರಣ ಎರಡು ಕಡೆಯೂ ಒಂದೇ. ಒಳಕಿವಿ ‘ಅಲ್ಲಾಡುತ್ತಿದ್ದೇವೆ’ ಎನ್ನುತ್ತದೆ, ಬೋಟಿನ ನೆಲವನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಮಕ್ಕಳನ್ನು ಬೋಟಿನ ನಡುಭಾಗದಲ್ಲಿ ಕೂರಿಸಿ, ಅಲ್ಲಿ ಏರಿಳಿತ ಕಡಿಮೆ. ನೀರು ಆಕಾಶ ಸೇರುವ ಗೆರೆಯನ್ನು ನೋಡುತ್ತಿರಲಿ. ಡೀಸೆಲ್ ಹೊಗೆ ಬರುವ ಕಡೆ ಬೇಡ. ಬರಿಹೊಟ್ಟೆಯೂ ಬೇಡ, ಕಡುಬು ಕೋಳಿಸಾರು ಬಿಗಿದ ಹೊಟ್ಟೆಯೂ ಬೇಡ; ಎರಡು ಇಡ್ಲಿ ಸಾಕು. ಶುಂಠಿ ಕೆಲವರಿಗೆ ಒಗ್ಗುತ್ತದೆ.

ಘಾಟಿ ಪ್ರಯಾಣಕ್ಕೆ ಕೊಡುವ ಅವೋಮಿನ್‌ನಂಥ ಮಾತ್ರೆ ಕಡಲಿಗೂ ಆಗುತ್ತದೆ. ಆದರೆ ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ಮಂಪರು ಬರಿಸುತ್ತದೆ, ಹಾಗಾಗಿ ಕಾರು ಓಡಿಸುವವರು ತೆಗೆದುಕೊಳ್ಳಬಾರದು. ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಳಿದ ಮಕ್ಕಳಿಗೆ ಎಷ್ಟೆಂದು ವೈದ್ಯರನ್ನು ಕೇಳಿ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಬಿಡುವುದಿಲ್ಲ, ಅದನ್ನು ನೋಡಿಕೊಂಡು ಹೊರಡಿ.

ಜೂನ್ ಬಂದರೆ ನಮ್ಮ ಸಂತೆಯಲ್ಲಿ ಬಂಗುಡೆ ಮುಟ್ಟುವಂತಿಲ್ಲ. ಅಷ್ಟು ದೊಡ್ಡ ಬೋಟುಗಳಿದ್ದೂ ಎರಡು ತಿಂಗಳು ಏಕೆ ನಿಲ್ಲಿಸುತ್ತಾರೆ?
– ಓದುಗರು, ಬೇಲೂರು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ. ಹಲವು ಜಾತಿಯ ಮೀನು ಮೊಟ್ಟೆಯಿಡುವ ಕಾಲ ಎಂಬುದೊಂದು, ಕಡಲು ಕೆಡುವ ಕಾಲ ಎಂಬುದಿನ್ನೊಂದು. ಆಗ ಘಟ್ಟ ಹತ್ತಿ ಬರುವುದು ನಾಡದೋಣಿಯ ಅಲ್ಪಸ್ವಲ್ಪ ಮೀನು, ಪೂರ್ವ ಕರಾವಳಿಯದ್ದು, ಇಲ್ಲವೇ ಶೀತಾಗಾರದ್ದು. ಬೆಲೆ ಏರದೆ ಇರುತ್ತದೆಯೇ? ಕೊಳ್ಳುವಾಗ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು. ಬೆರಳಲ್ಲಿ ಒತ್ತಿದ ಗುಳಿ ಮೇಲೇಳಬೇಕು.

ನಮ್ಮ ಕರಾವಳಿಯಲ್ಲಿ ಹಿಮದ ಭಯವಿಲ್ಲ, ಅಳಿವೆಯ ಭಯವಿದೆ. ನದಿ ಕಡಲು ಸೇರುವಲ್ಲಿ ಹೂಳು ತುಂಬಿ ಆಳ ತಗ್ಗಿರುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ದಾಟಿತೆಂದರೆ ಅಲೆ ಒಡೆದು ಬೀಳುತ್ತದೆ. ಹೊರಗೆ ಬೋಟನ್ನು ಸುಮ್ಮನೆ ಎತ್ತಿ ಇಳಿಸುತ್ತಿದ್ದ ಎರಡು ಮೀಟರ್ ಅಲೆ, ಎರಡೂವರೆ ಮೀಟರ್ ಆಳದ ಅಳಿವೆಯಲ್ಲಿ ಗೋಡೆಯಾಗಿ ಕವುಚುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ಸೆಳೆತ ಅಲೆಗೆ ಎದುರಾಗುವುದರಿಂದ ಅಲೆ ಇನ್ನಷ್ಟು ಕಡಿದಾಗುತ್ತದೆ. ಅದಕ್ಕೇ ಭರತ ಏರುವಾಗ ಅಳಿವೆ ದಾಟಬೇಕು. ಒಳಬರುವ ಬೋಟು ಅಲೆಯ ಬೆನ್ನ ಮೇಲೆ ಉಳಿಯುವಷ್ಟೇ ವೇಗದಲ್ಲಿರಬೇಕು. ಅಲೆಯನ್ನು ಹಿಂದಿಕ್ಕಿದರೆ ಮೂತಿ ತಗ್ಗಿಗೆ ಕಚ್ಚಿ, ಹಿಂಭಾಗ ಪಕ್ಕಕ್ಕೆ ಸರಿದು, ಬೋಟು ಅಡ್ಡ ತಿರುಗಿ ಮಗುಚುತ್ತದೆ.

ಹವಾಮಾನ ಸೂಚನೆಯಲ್ಲಿ ‘ಅಲೆ 3 ಮೀಟರ್’ ಎಂದರೆ ಅತಿ ಎತ್ತರದ ಅಲೆ ಎಂದು ತಿಳಿಯಬೇಡಿ. ಅದು ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ. ನಡುನಡುವೆ ಅದರ ಇಮ್ಮಡಿ ಎತ್ತರದ್ದೂ ಬರಬಹುದು. ಕಡಲಲ್ಲಿ ಕಷ್ಟಕ್ಕೆ ಸಿಕ್ಕಿದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554.

ಹೇಮಾವತಿ ಹಿನ್ನೀರಿನಲ್ಲಿ ಹರಿಗೋಲಿನಲ್ಲಿ ಬಲೆ ಬಿಡುವವರಿಗೆ ಗಾಳಿ ಎದ್ದರೆ ಏನು ಮಾಡಬೇಕು?
– ಓದುಗರು, ಗೊರೂರು

ಇದು ನಮಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕೆರೆ ಕಟ್ಟೆಯ ಅಲೆ ಎಂದು ಹಗುರವಾಗಿ ನೋಡುವುದೇ ಹೆಚ್ಚು. ಗಾಳಿ ಅಡೆತಡೆಯಿಲ್ಲದೆ ನೀರಿನ ಮೇಲೆ ಎಷ್ಟು ದೂರ ಓಡುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಹಿನ್ನೀರಿನ ಉದ್ದಕ್ಕೆ ಗಾಳಿ ಬೀಸಿದ ದಿನ ಎದುರು ದಡದಲ್ಲಿ ಒಂದೂವರೆ ಅಡಿ ಅಲೆ ಎದ್ದರೂ ಸಾಕು, ಹರಿಗೋಲಿನ ಅಂಚು ನೀರಿನಿಂದ ಅದಕ್ಕಿಂತ ಹೆಚ್ಚೇನೂ ಎತ್ತರವಿರುವುದಿಲ್ಲ.

ಗಾಳಿ ಎದ್ದಾಗ ಊರ ಕಡೆಗೇ ಹೋಗಬೇಕೆಂದು ಗಾಳಿಗೆದುರಾಗಿ ಹುಟ್ಟು ಹಾಕಬೇಡಿ. ತಳ ಚಪ್ಪಟೆಯಾದ ದುಂಡನೆಯ ಹರಿಗೋಲು ಎದುರುಗಾಳಿಗೆ ಮುಂದೆ ಸಾಗದೆ ಸುತ್ತುತ್ತದೆ, ತೋಳು ಸೋಲುತ್ತದೆ. ಗುಡ್ಡ ಗಾಳಿಗೆ ಮರೆಯಾಗಿರುವ ಹತ್ತಿರದ ದಡ ಯಾವುದೋ ಅಲ್ಲಿಗೆ ಹೋಗಿ. ಊರಿಗೆ ನಡೆದುಕೊಂಡು ಬಂದರಾಯಿತು. ಎಲ್ಲರೂ ತಳದಲ್ಲಿ ಕೂರಬೇಕು, ನಿಲ್ಲಬಾರದು. ಒದ್ದೆ ಬಲೆ ಭಾರ, ಅದನ್ನು ಅಂಚಿಗೆ ಒರಗಿಸದೆ ನಡುವೆ ಸುರುಳಿ ಮಾಡಿಡಿ. ನೀರಿಗೆ ಬಿಟ್ಟ ಬಲೆಯ ಹಗ್ಗವನ್ನು ಹರಿಗೋಲಿಗೆ ಕಟ್ಟಬೇಡಿ: ಮುಳುಗಿದ ಮರದ ಬೊಡ್ಡೆಗೆ ಬಲೆ ಸಿಕ್ಕಿಕೊಂಡರೆ ಕಟ್ಟಿದ ಕಡೆಯ ಅಂಚನ್ನು ಅದು ಕೆಳಗೆಳೆಯುತ್ತದೆ, ಅಲ್ಲಿಂದಲೇ ನೀರು ನುಗ್ಗುತ್ತದೆ. ಕಟ್ಟಿದ್ದರೆ ಕೈಗೆಟುಕುವಲ್ಲಿ ಕುಡುಗೋಲು ಇರಲಿ. ನೀರು ಮೊಗೆಯಲು ಒಂದು ಚೊಂಬನ್ನು ದಾರ ಕಟ್ಟಿ ಒಳಗಿಡಿ.

ಮಗುಚಿದರೆ ಈಜಿ ದಡ ಸೇರುವ ಧೈರ್ಯ ಬೇಡ, ಬಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೋರಲಾದ ಹರಿಗೋಲನ್ನೇ ಹಿಡಿದುಕೊಳ್ಳಿ. ಗಾಳಿ ಅದನ್ನು ಒಂದಲ್ಲ ಒಂದು ದಡಕ್ಕೆ ತಳ್ಳುತ್ತದೆ. ಲೈಫ್ ಜಾಕೆಟ್ಟನ್ನು ಹರಿಗೋಲಿನಲ್ಲಿ ಮಡಚಿಡಬೇಡಿ, ದಡದಲ್ಲೇ ತೊಟ್ಟು ಪಟ್ಟಿ ಬಿಗಿದುಕೊಂಡು ಹತ್ತಿ. ಪಟ್ಟಿ ಸಡಿಲವಿದ್ದರೆ ನೀರಿಗೆ ಬಿದ್ದ ಕೂಡಲೇ ಅದು ತಲೆಯ ಮೇಲಿಂದ ಕಳಚಿಹೋಗುತ್ತದೆ.