ಕಡಲ ತಳದ ಚೀಲಗಳು ಹೇಳಿದ ಹೆಸರುಗಳು

ಪ್ರಶ್ನೆ: 1912ರಲ್ಲಿ ಮುಳುಗಿದ ಟೈಟಾನಿಕ್‌ನಿಂದ ಓದಬಹುದಾದ ಕಾಗದಪತ್ರಗಳು ಸಿಕ್ಕಿವೆಯಂತೆ. ಉಪ್ಪುನೀರಿನಲ್ಲಿ ಕಾಗದ ಉಳಿದದ್ದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಕಾಗದವನ್ನು ಕಾಪಾಡಿದ್ದು ಚರ್ಮದ ಚೀಲಗಳು. ತೊಗಟೆಯ ಒಗರಿನಲ್ಲಿ, ಅಂದರೆ ಟ್ಯಾನಿನ್‌ನಲ್ಲಿ ಹದ ಮಾಡಿದ ಚರ್ಮವನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ತಿನ್ನಲಾರವು. ನಮ್ಮಲ್ಲಿ ತಂಗಡಿ ತೊಗಟೆ ಹಾಕಿ ಹದ ಮಾಡುತ್ತಿದ್ದುದು ಇದೇ ಗುಣಕ್ಕಾಗಿ. ಸುಮಾರು 3,800 ಮೀಟರ್ ಆಳದ ಕತ್ತಲೆ, ಕೊರೆವ ಚಳಿಯೂ ನೆರವಾದವು. ಅಷ್ಟು ಆಳದಲ್ಲಿ ಮೂಳೆ ಕರಗಿಹೋಗುತ್ತದೆ, ಬೂಟು ಮಾತ್ರ ಜೋಡಿಯಾಗಿಯೇ ಉಳಿದಿರುತ್ತದೆ. ಆ ಜೋಡಿಗಳನ್ನು ಬರೀ ವಸ್ತುವೆಂದು ನೋಡಲು ಮನಸ್ಸು ಬಾರದು.

ನಿಜವಾದ ಅಪಾಯ ಶುರುವಾಗುವುದು ಮೇಲೆ ತಂದ ಮೇಲೆ. ಚರ್ಮವನ್ನು ಹಾಗೇ ಒಣಗಲು ಬಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ನಾರುಗಳನ್ನು ಸೀಳುತ್ತದೆ. ಆರುವ ನೀರು ನಾರುಗಳನ್ನು ಒಂದಕ್ಕೊಂದು ಎಳೆದು ಚೀಲ ಮುರುಟಿ ಕಟ್ಟಿಗೆಯಂತಾಗುತ್ತದೆ. ಅದಕ್ಕೇ ಒದ್ದೆಯಾಗಿಯೇ ಸಾಗಿಸಿ ಸಿಹಿನೀರಿನಲ್ಲಿ ಮುಳುಗಿಸಿಡುತ್ತಾರೆ. ನೀರನ್ನು ಮತ್ತೆಮತ್ತೆ ಬದಲಿಸಬೇಕು. ನಲ್ಲಿನೀರಲ್ಲೇ ಉಪ್ಪಿನ ಅಂಶವಾದ ಕ್ಲೋರೈಡ್ ಒಂದಿಷ್ಟು ಇರುವುದರಿಂದ ಕೊನೆಯ ಸುತ್ತುಗಳಿಗೆ ಬಟ್ಟಿ ಇಳಿಸಿದ ನೀರೇ ಬೇಕು. ತೊಟ್ಟಿಯ ನೀರನ್ನು ಸ್ವಲ್ಪ ತೆಗೆದು, ಒಂದೆರಡು ಹನಿ ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಾರೆ. ಬೆಳ್ಳಗೆ ಕದಡಿದರೆ ಉಪ್ಪು ಇನ್ನೂ ಬಿಡುತ್ತಿದೆ ಎಂದೇ ಅರ್ಥ. ಉಪ್ಪು ಬಿಟ್ಟ ಚರ್ಮಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿನಲ್ಲಿ ಕರಗುವ ಮೇಣದಂಥ ವಸ್ತುವನ್ನು ಕುಡಿಸಿ, ಹೆಪ್ಪುಗಟ್ಟಿಸಿ, ನಿರ್ವಾತ ಕೋಣೆಯಲ್ಲಿ ಒಣಗಿಸುತ್ತಾರೆ. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುವುದರಿಂದ ನಾರುಗಳ ಮೇಲೆ ಎಳೆತ ಬೀಳದು. ಕಾಗದವನ್ನೂ ಉಪ್ಪು ತೊಳೆದ ಮೇಲೆ ಹೀಗೇ ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ. ಅಂಟಿಕೊಂಡ ಹಾಳೆಗಳನ್ನು ಅವಸರದಲ್ಲಿ ಬಿಡಿಸಹೋದರೆ ಅಕ್ಷರವೂ ಕಿತ್ತು ಬರುತ್ತದೆ.

ಪ್ರಶ್ನೆ: ಇಂಥ ಚೀಲ ಇಂಥವರದೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಕುಮಟಾ

ಉತ್ತರ: ಒಳಗಿನ ಕಾಗದದಲ್ಲಿರುವ ಹೆಸರನ್ನು ಪ್ರಯಾಣಿಕರ ಪಟ್ಟಿಯೊಂದಿಗೆ ತಾಳೆ ನೋಡಿ ತಿಳಿಯುತ್ತಾರೆ. ಮೊಸಳೆ ಜಾತಿಯ ಪ್ರಾಣಿಯ ಚರ್ಮದ ಕೈಚೀಲವೊಂದು ಮೂರನೇ ದರ್ಜೆಯಲ್ಲಿದ್ದ ಮೇರಿಯನ್ ಮೀನ್‌ವೆಲ್ ಅವರದು. ಟೋಪಿ ಹೊಲಿಯುವವರು, ಬದುಕಿ ಉಳಿಯಲಿಲ್ಲ. ಒಳ್ಳೆಯ ಬಾಡಿಗೆದಾರರೆಂದು ಮನೆ ಮಾಲೀಕರು ಬರೆದುಕೊಟ್ಟ ಪತ್ರ ಅದರಲ್ಲಿತ್ತು. ಹೊಸ ಊರಲ್ಲಿ ಮನೆ ಹಿಡಿಯಲು ಒಯ್ಯುತ್ತಿದ್ದ ಆ ಹಾಳೆ ನನ್ನ ಮಟ್ಟಿಗೆ ಯಾವ ಒಡವೆಗಿಂತಲೂ ದೊಡ್ಡದು.

2000ದಲ್ಲಿ ಸಿಕ್ಕ ಇನ್ನೊಂದು ಚೀಲದಲ್ಲಿ 60ಕ್ಕೂ ಹೆಚ್ಚು ಸುಗಂಧದ ಪುಟ್ಟ ಸೀಸೆಗಳಿದ್ದವು. ಅವು ಮ್ಯಾಂಚೆಸ್ಟರಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಸುಗಂಧ ತಯಾರಕ ಅಡಾಲ್ಫ್ ಸಾಲ್‌ಫೆಲ್ಡ್ ಅವರ ಮಾದರಿಗಳು. ಅವರು ಬದುಕುಳಿದರು, ಚೀಲ ಕೆಳಗೇ ಉಳಿಯಿತು. ಮೇಲೆ ತಂದಾಗ ಸೀಸೆಗಳಲ್ಲಿ ಪರಿಮಳ ಇನ್ನೂ ಇತ್ತು.

ಪ್ರಶ್ನೆ: ಟೈಟಾನಿಕ್ ಗಡಿಯಾರ ಹರಾಜಾಯಿತೆಂದು ಓದಿದೆ. ತಳದಿಂದ ತಂದದ್ದನ್ನು ಮಾರಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ಅಮೆರಿಕದ ನ್ಯಾಯಾಲಯದ ಷರತ್ತಿನಂತೆ ಆ ಸಾವಿರಾರು ವಸ್ತುಗಳು ಒಂದೇ ಸಂಗ್ರಹವಾಗಿ ಇರಬೇಕು, ಬಿಡಿಬಿಡಿಯಾಗಿ ಮಾರುವಂತಿಲ್ಲ. 2024ರಲ್ಲಿ ಹರಾಜಾದ, ಆ ದುರಂತದಲ್ಲಿ ಮಡಿದ ಶ್ರೀಮಂತ ಪ್ರಯಾಣಿಕ ಜಾನ್ ಜೇಕಬ್ ಆಸ್ಟರ್ ಅವರ ಚಿನ್ನದ ಜೇಬುಗಡಿಯಾರ ತಳದಿಂದ ಬಂದದ್ದಲ್ಲ. 1912ರಲ್ಲೇ ಅವರ ದೇಹದ ಜೊತೆ ಸಿಕ್ಕಿ ಮನೆಯವರ ಕೈ ಸೇರಿದ್ದು.