ಎಳೆ ತೆಳ್ಳಗಿದ್ದರೆ ಕೆಲಸ ಕತ್ತರಿಗೆ ಕೊಡಿ, ಪಿನ್ನಿಗಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಕೂದಲ ಆರೈಕೆ

ಪ್ರಶ್ನೆ: ನಾನು ಧಾರವಾಡದಾಕಿ, ಹುಬ್ಬಳ್ಳಿಯ ಸಾಲಿಯೊಳಗ ಶಿಕ್ಷಕಿ. ವಯಸ್ಸು 38. ಕೂದಲು ರೇಷ್ಮಿ ಎಳಿ ಹಂಗ ಸಣ್ಣ, ಈಗ ಹೆಗಲಿನ ತನಕ ಅದ. ನಮ್ಮ ದೊಡ್ಡವ್ವನ ಕಾಲೇಜ್ ಫೋಟೋದಾಗ ಇರೋವಂಥಾ ಹಳೇ ನಮೂನಿ ಕಟ್ ಮಾಡಿಸಬೇಕಂತ ಆಸೆ. ಅದರಾಗ ಹಣಿ ಮ್ಯಾಲ ಕೂದಲು ಇಳಿಬಿಟ್ಟಾರ, ನೆತ್ತಿ ಮ್ಯಾಲ ಉಬ್ಬ ಐತಿ. ನನಗ ಮುಂಜಾನೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಿಗೂದಿಲ್ಲ, ಸ್ಕೂಟಿ ಮ್ಯಾಲ ಹೋಗೂದು, ಹೆಲ್ಮೆಟ್ ಇದ್ದೇ ಇರತೈತಿ. ಪಾರ್ಲರ್‌ನಾಗ ‘ಲೇಯರ್ ಹಾಕಿದ್ರ ದಟ್ಟ ಕಾಣಸ್ತಾವ’ ಅಂತಾರ. ಖರೇ ಏನು? ನನಗ ಯಾವುದು ಹೊಂದತೈತಿ?

ಉತ್ತರ: ಲೇಯರ್, ಅಂದರೆ ಮೆಟ್ಟಿಲಿನಂತೆ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು, ಬೇಡ. ದಪ್ಪ ಎಳೆಯ ಕೂದಲಿಗೆ ಅದು ಭಾರ ಇಳಿಸುತ್ತದೆ, ಸರಿ. ತೆಳ್ಳನೆಯ ಎಳೆಗೆ ಹಾಕಿದರೆ ಮೇಲೆ ನಾಲ್ಕು ದಿನ ಉಬ್ಬಿದಂತೆ ಕಂಡೀತು, ಕೆಳಗಿನ ಅಂಚು ಮಾತ್ರ ಇಲಿ ಕಡಿದ ಹಾಗಾಗುತ್ತದೆ. ಕೂದಲು ದಟ್ಟ ಕಾಣುವುದು ಅಂಚಿನಿಂದ. ಎಲ್ಲ ಎಳೆಗಳೂ ಒಂದೇ ಗೆರೆಗೆ ಬಂದು ನಿಂತರೆ ಇದ್ದಷ್ಟೇ ಕೂದಲು ಒಂದೂವರೆ ಪಟ್ಟು ಕಂಡಂತೆ ಅನಿಸುತ್ತದೆ.

ಮೊದಲು ಒಂದು ಪರೀಕ್ಷೆ. ಬಾಚಣಿಗೆಯಲ್ಲಿ ಸಿಕ್ಕ ಒಂದು ಕೂದಲನ್ನು ಬಿಳಿ ಹಾಳೆಯ ಮೇಲೆ ಹೊಲಿಗೆ ದಾರದ ಪಕ್ಕ ಇಡಿ. ಆಮೇಲೆ ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ. ಇದೆಯೋ ಇಲ್ಲವೋ ಅನಿಸಿದರೆ ಎಳೆ ತೆಳ್ಳಗಿದೆ. ಇನ್ನು ಕನ್ನಡಿ ಮುಂದೆ ನಿಂತು ಬೈತಲೆ ನೋಡಿಕೊಳ್ಳಿ. ಬೈತಲೆಯ ಎರಡೂ ಬದಿಗೆ ನೆತ್ತಿಯ ಚರ್ಮ ಅಗಲವಾಗಿ ಕಾಣುತ್ತಿದ್ದರೆ ಕೂದಲು ವಿರಳವೂ ಹೌದು. ತೆಳುವಾಗಿರುವುದು ಬೇರೆ, ವಿರಳವಾಗಿರುವುದು ಬೇರೆ. ಪಾರ್ಲರ್‌ಗಳಲ್ಲಿ ಎರಡನ್ನೂ ಒಂದೇ ಮಾಡಿ ಮಾತಾಡುತ್ತಾರೆ. ತೆಳ್ಳಗಿದ್ದೂ ಸಂಖ್ಯೆಯಲ್ಲಿ ಚೆನ್ನಾಗಿದ್ದರೆ ನಿಮಗೆ ಯಾವ ಬೈತಲೆಯಾದರೂ ನಡೆಯುತ್ತದೆ. ವಿರಳವೂ ಆಗಿದ್ದರೆ ನಡುಬೈತಲೆ ಬಿಟ್ಟು ಓರೆಬೈತಲೆ ತೆಗೆಯಿರಿ.

ಈಗ ಶೈಲಿಯ ವಿಚಾರ. ಹಳೆಯ ಕಾಲದ ಕೇಶಶೈಲಿಗಳಲ್ಲಿ ಎರಡು ಜಾತಿ. ಒಂದು, ಕತ್ತರಿ ಮಾಡಿಕೊಟ್ಟ ಆಕಾರ: 1920ರ ದಶಕದ ಬಾಬ್ (ಕತ್ತಿನ ಮೇಲೆ ಸುತ್ತಲೂ ಒಂದೇ ಗೆರೆಗೆ ನಿಲ್ಲುವ ಗಿಡ್ಡ ಕಟ್), 1960ರ ದಶಕದ ತುಂಡು ಕಟ್‌ಗಳು. ಇನ್ನೊಂದು, ಪಿನ್ನು, ರೋಲರ್, ಸ್ಪ್ರೇ ಸೇರಿ ಮಾಡಿಕೊಟ್ಟ ಆಕಾರ: 1940ರ ದಶಕದ ಸುರುಳಿಗಳು, 1960ರ ದಶಕದ ಎತ್ತರದ ಉಬ್ಬು. ನಾವು ಪಫ್ ಅನ್ನುವುದು ಇದನ್ನೇ. ಎರಡನೆಯ ಜಾತಿಯವು ಫೋಟೋದಲ್ಲಿ ಸುಲಭ ಕಾಣುತ್ತವೆ. ಆದರೆ ಆಗಿನವರು ವಾರಕ್ಕೊಮ್ಮೆ ಸಲೂನಿಗೆ ಹೋಗಿ ಸೆಟ್ ಮಾಡಿಸಿ, ರಾತ್ರಿ ಜಾಳಿಗೆ ಕಟ್ಟಿಕೊಂಡು ಮಲಗಿ ಅದನ್ನು ಕಾಪಾಡುತ್ತಿದ್ದರು. ಪಫ್‌ಗೆ ಕೂದಲನ್ನು ತುದಿಯಿಂದ ಬುಡಕ್ಕೆ ಹಿಮ್ಮುಖ ಕೆದರಬೇಕು. ಕೂದಲ ಹೊರಪದರ ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತದೆ; ಹಿಮ್ಮುಖ ಕೆದರಿದರೆ ಹೆಂಚು ಏಳುತ್ತದೆ. ತೆಳು ಎಳೆಯಾದರೆ ಬೇಗ ತುಂಡಾಗುತ್ತದೆ. ಅದರ ಮೇಲೆ ಹೆಲ್ಮೆಟ್ ಹಾಕಿದಿರೋ, ನವಲೂರು ದಾಟುವುದರೊಳಗೆ ಉಬ್ಬು ಚಪಾತಿ ಆಗಿರುತ್ತದೆ.

ನಿಮ್ಮ ದೊಡ್ಡವ್ವನ ಫೋಟೋದಲ್ಲಿರುವುದು ಬಹುಮಟ್ಟಿಗೆ ಸಾಧನಾ ಕಟ್. 1960ರ ಹಿಂದಿಯ ‘ಲವ್ ಇನ್ ಸಿಮ್ಲಾ’ ಚಿತ್ರಕ್ಕಾಗಿ, ನಟಿ ಸಾಧನಾ ಅವರ ಅಗಲ ಹಣೆ ಮುಚ್ಚಲೆಂದು, ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಮಾದರಿಯಲ್ಲಿ ಮಾಡಿಸಿದ್ದು. ಆಮೇಲೆ ದೇಶದ ತುಂಬ ಹುಡುಗಿಯರ ಹಣೆಗೆ ಇಳಿಯಿತು. ಅದರ ಮುಂಗೂದಲು ಕತ್ತರಿಯ ಕೆಲಸ, ನೆತ್ತಿಯ ಉಬ್ಬು ಪಿನ್ನಿನ ಕೆಲಸ. ಮೊದಲನೆಯದನ್ನು ತಗೊಳ್ಳಿ, ಎರಡನೆಯದನ್ನು ಬಿಡಿ.

ನಿಮಗೆ ನಮ್ಮ ಆಯ್ಕೆ: ಗದ್ದದ ಮಟ್ಟದ ಬಾಬ್, ಓರೆಬೈತಲೆ, ಒಂದು ಬದಿಗೆ ಜಾರುವ ಉದ್ದನೆಯ ಮುಂಗೂದಲು. ತೆಳು ಕೂದಲು ಗದ್ದ ದಾಟಿ ಇಳಿದಷ್ಟೂ ತನ್ನ ಭಾರಕ್ಕೇ ನೆತ್ತಿಗೆ ಅಂಟಿಕೊಳ್ಳುತ್ತದೆ. ಹೆಗಲಿನ ಉದ್ದ ಎಲ್ಲಕ್ಕಿಂತ ಕೆಟ್ಟದ್ದು. ತುದಿಗಳು ಹೆಗಲಿಗೆ ಬಡಿದು ಹೊರಕ್ಕೆ ತಿರುಗುತ್ತವೆ. ಹುಬ್ಬಿನ ಮೇಲೆ ನೇರ ಇಳಿಯುವ ಸಾಧನಾ ಮುಂಗೂದಲು ಬೇಸಿಗೆಯ ಬಿಸಿಲಲ್ಲಿ ಹೆಲ್ಮೆಟ್ ಕೆಳಗೆ ಬೆವತು, ಮೊದಲ ಪಿರಿಯಡ್ ಮುಗಿಯುವುದರೊಳಗೆ ಹಣೆಗೆ ಮೆತ್ತಿಕೊಳ್ಳುತ್ತದೆ. ಬದಿಗೆ ಜಾರುವುದಾದರೆ ಕಿವಿ ಹಿಂದೆ ಸಿಕ್ಕಿಸಬಹುದು.

ಪಾರ್ಲರ್‌ನಲ್ಲಿ ‘ಬಾಬ್ ಮಾಡ್ರಿ’ ಅಂದರೆ ಸಾಲದು. ಹೀಗೆ ಹೇಳಿ: ಸುತ್ತಲೂ ಒಂದೇ ಅಳತೆ, ಅಂಚು ಸಾದಾ ಕತ್ತರಿಯಿಂದ ನೇರಕ್ಕೆ, ಹಲ್ಲಿನ ಕತ್ತರಿ ಬೇಡ, ಬ್ಲೇಡ್ ಬೇಡ. ಹಲ್ಲಿನ ಕತ್ತರಿ ಇರುವುದೇ ಕೂದಲನ್ನು ವಿರಳ ಮಾಡಲು, ಆದರೂ ಕೊನೆಯಲ್ಲಿ ಅಭ್ಯಾಸಬಲದಿಂದ ಕೈ ಅದಕ್ಕೇ ಹೋಗುತ್ತದೆ, ಕಣ್ಣಿಟ್ಟಿರಿ. ಮುಂಗೂದಲನ್ನು ತೆಗೆಯುವಾಗ ನೆತ್ತಿಯಿಂದ ಎಳೆದು ತರಬಾರದು. ಹಣೆಯ ಅಂಚಿನಿಂದ ಹಿಂದಕ್ಕೆ ಮೂರು ಬೆರಳಗಲದ ತ್ರಿಕೋನ ಸಾಕು. ಅದನ್ನು ಒಣಗಿಸಿಯೇ ಕತ್ತರಿಸಬೇಕು. ಒದ್ದೆ ಕೂದಲು ಹಿಗ್ಗಿರುತ್ತದೆ, ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ್ದು ಒಣಗಿದ ಮೇಲೆ ಅರ್ಧ ಹಣೆಗೆ ಏರುತ್ತದೆ. ಮೊದಲ ಸಲ ಮೂಗಿನ ತುದಿಯ ಮಟ್ಟಕ್ಕೆ ನಿಲ್ಲಿಸಿ, ಎರಡು ದಿನ ನೋಡಿ, ಬೇಕಿದ್ದರೆ ಏರಿಸಿ.

ನಿರ್ವಹಣೆ ಕಡಿಮೆ ಅನ್ನುವಾಗ ಮುಂಜಾನೆಯ ನಿಮಿಷ ಮಾತ್ರ ಎಣಿಸಬೇಡಿ, ಪಾರ್ಲರ್ ಸುತ್ತುಗಳನ್ನೂ ಎಣಿಸಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುತ್ತದೆ. ತಲೆಗಂಟಿದ ಬಾಯ್ ಕಟ್ ಮುಂಜಾನೆ ಎರಡೇ ನಿಮಿಷ ತಿನ್ನುತ್ತದೆ, ಆದರೆ 4ರಿಂದ 6 ವಾರಕ್ಕೆ ಕಿವಿ ಸುತ್ತ ಆಕಾರ ಕೆಡುತ್ತದೆ. ಲಂಡನ್ನಿನ ಕೇಶವಿನ್ಯಾಸಕ ವಿಡಾಲ್ ಸಸೂನ್ ಅವರ 1964ರ ಐದು ಮೊನೆಯ ಕಟ್ ಕೂಡ ಹೀಗೇ: ಬಾಚುವ ಕೆಲಸವಿಲ್ಲ, ಮೊನೆ ಮೊಂಡಾದರೆ ಮಾತ್ರ ಏನೂ ಉಳಿಯುವುದಿಲ್ಲ. ಗದ್ದದ ಬಾಬ್ 8ರಿಂದ 10 ವಾರ ತಾಳುತ್ತದೆ.

ಹೆಲ್ಮೆಟ್‌ಗೆ ಒಂದು ಉಪಾಯ. ಮನೆಯಿಂದ ಹೊರಡುವಾಗ ಬೈತಲೆಯನ್ನು ನಿಮ್ಮ ದಿನದ ಬದಿಗೆ ವಿರುದ್ಧ ತೆಗೆದು ಬಾಚಿ, ತೆಳು ಹತ್ತಿ ಬಟ್ಟೆ ಕಟ್ಟಿ, ಮೇಲೆ ಹೆಲ್ಮೆಟ್ ಹಾಕಿ. ಶಾಲೆಗೆ ಹೋಗಿ ಬೈತಲೆ ಮರಳಿ ತಿರುಗಿಸಿದರೆ ಬುಡ ತಾನೇ ಎದ್ದು ನಿಲ್ಲುತ್ತದೆ. ಆದರೆ ಒದ್ದೆ ತಲೆಗೆ ಹೆಲ್ಮೆಟ್ ಸಲ್ಲ. ಕೂದಲು ಯಾವ ಆಕಾರದಲ್ಲಿ ಒಣಗುತ್ತದೋ ಆ ಆಕಾರ ಹಿಡಿದು ಕೂರುತ್ತದೆ.

ಎಣ್ಣೆ ವಿಷಯ ಹೇಳಿದರೆ ಹಿರಿಯರಿಗೆ ಸಿಟ್ಟು ಬರಬಹುದು: ದಿನಾ ಎಣ್ಣೆ ಹಚ್ಚಿದ ತೆಳು ಕೂದಲಿಗೆ ಯಾವ ಕಟ್ಟೂ ನಿಲ್ಲುವುದಿಲ್ಲ. ಎರಕೊಳ್ಳುವ ಒಂದು ತಾಸು ಮೊದಲು ಅರ್ಧ ಚಮಚ ಕೊಬ್ಬರಿ ಎಣ್ಣೆ, ಅದೂ ತುದಿಗಳಿಗೆ, ಸಾಕು.

ಪ್ರಶ್ನೆ: ಗಿಡ್ಡ, ಸಣ್ಣ ಕೂದಲು. ಲಗ್ನಕ್ಕೊಮ್ಮೆ ಹಳೇ ಕಾಲದ ಅಲೆ ಅಲೆ ಕೂದಲು ಮಾಡ್ಕೋಬೇಕು. ಬಿಸಿ ಕಡ್ಡಿ ಹಚ್ಚಿದ್ರ ಅರ್ಧ ತಾಸಿನಾಗ ಇಳಿದು ಹೋಗತೈತಿ. ಮನ್ಯಾಗ ಏನರ ಮಾಡಬಹುದೇನು? (ಹುಬ್ಬಳ್ಳಿ)

ಉತ್ತರ: ಬಿಸಿಯೇ ಬೇಕಿಲ್ಲ, ನಿಮ್ಮ ಅಡುಗೆಮನೆಯಲ್ಲಿ ಅಗಸಿ (ಅಗಸೆ ಬೀಜ) ಇದ್ದರಾಯಿತು. ಅಗಸಿಯ ಲೋಳೆಯಿಂದ ಕೂದಲು ಕೂರಿಸುವುದು ಹಳೆಯ ಪದ್ಧತಿಯೇ.

ಎರಡು ದೊಡ್ಡ ಚಮಚ ಹಸಿ ಅಗಸಿಗೆ ಎರಡು ಕಪ್ ನೀರು. ಚಟ್ನಿ ಹಿಂಡಿಗೆಂದು ಹುರಿದಿಟ್ಟದ್ದು ಬೇಡ, ಪುಡಿಯಂತೂ ಬೇಡವೇ ಬೇಡ, ಸೋಸಲು ಬರುವುದಿಲ್ಲ. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ 8ರಿಂದ 10 ನಿಮಿಷ ಕುದಿಸಿ. ಮೊದಲು ಬಿಳಿ ನೊರೆ ಬರುತ್ತದೆ, ಆಮೇಲೆ ನೀರು ಭಾರವಾಗುತ್ತದೆ. ಚಮಚ ಎತ್ತಿದಾಗ ಹನಿಹನಿಯಾಗಿ ಬೀಳದೆ ತತ್ತಿಯ ಬಿಳಿಯಂತೆ ದಾರವಾಗಿ ಇಳಿದರೆ ತಕ್ಷಣ ಉರಿ ಆರಿಸಿ, ಬಿಸಿ ಇರುವಾಗಲೇ ಹಳೇ ಧೋತರದ ತುಂಡಿನಲ್ಲಿ ಸೋಸಿ. ಆರಲು ಬಿಟ್ಟರೆ ಬಟ್ಟೆಯಲ್ಲೇ ಕೂತುಬಿಡುತ್ತದೆ, ಎಷ್ಟು ಹಿಂಡಿದರೂ ಇಳಿಯದು. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ. ತೆಳು ಕೂದಲಿಗೆ ಇದನ್ನು ಸಮ ಪ್ರಮಾಣದ ನೀರು ಬೆರೆಸಿ ಹಚ್ಚಬೇಕು. ಗಟ್ಟಿಯಾಗಿ ಹಚ್ಚಿದರೆ ಒಣಗಿ ಪಕಳೆ ಏಳುತ್ತದೆ, ಜನ ಹೊಟ್ಟು ಅಂದುಕೊಳ್ಳುತ್ತಾರೆ.

ಕೂದಲು ಮುಕ್ಕಾಲು ಒಣಗಿರಲಿ. ಬೈತಲೆ ತೆಗೆದು, ಒಂದು ಇಂಚು ಚೌಕದ ಒಂದೊಂದು ಭಾಗ ತಗೊಂಡು, ಲೋಳೆ ಸವರಿ, ತುದಿಯಿಂದ ಶುರು ಮಾಡಿ ಬೆರಳಿಗೆ ಸುತ್ತುತ್ತ ನೆತ್ತಿಯ ತನಕ ಬನ್ನಿ. ಉಂಗುರದಂತಾದದ್ದನ್ನು ನೆತ್ತಿಗೆ ಚಪ್ಪಟೆಯಾಗಿ ಇಟ್ಟು ಎರಡು ಪಿನ್ನು ಅಡ್ಡಡ್ಡ ಹಾಕಿ. ತುದಿ ಉಂಗುರದ ಒಳಗೇ ಇರಬೇಕು. ಹೊರಗೆ ಉಳಿದರೆ ಗಾಳದಂತೆ ಮಡಚಿಕೊಂಡೇ ಒಣಗುತ್ತದೆ. ಮೊದಲ ಸಾಲಿನ ಉಂಗುರಗಳನ್ನೆಲ್ಲ ಬಲಕ್ಕೆ ಸುತ್ತಿದರೆ ಅದರ ಕೆಳಗಿನ ಸಾಲನ್ನು ಎಡಕ್ಕೆ ಸುತ್ತಿ. ಅಲೆ ಬರುವುದು ಈ ತಿರುವುಮುರುವಿನಿಂದ. ಎಲ್ಲ ಒಂದೇ ಕಡೆ ಸುತ್ತಿದರೆ ಬರೀ ಗುಂಗುರು ಬರುತ್ತದೆ.

ಇನ್ನು ಒಣಗುವುದು. ಎಲ್ಲರೂ ಸೋಲುವುದು ಇಲ್ಲಿಯೇ. ನೀರು ತಾಗಿದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗಿದಾಗ ಹೊಸ ಆಕಾರದಲ್ಲಿ ಮತ್ತೆ ಕೂಡುತ್ತವೆ. ಒಳಗೆ ಚೂರು ತೇವ ಉಳಿದರೂ ಕೂಡುವ ಕೆಲಸ ಮುಗಿದಿಲ್ಲ, ಬಿಚ್ಚಿದ ಹತ್ತು ನಿಮಿಷಕ್ಕೆ ಎಲ್ಲ ಇಳಿಯುತ್ತದೆ. ಬೇಸಿಗೆಯಲ್ಲಿ ಎರಡು ಮೂರು ತಾಸು ಸಾಕು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ರಾತ್ರಿಯೆಲ್ಲ ಇಟ್ಟರೂ ನಂಬಬೇಡಿ, ಒಂದು ಉಂಗುರ ಬಿಚ್ಚಿ ಮುಟ್ಟಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ತೇವವಿದೆ. ಪಿನ್ನು ತೆಗೆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಟ್ಟು, ಅಗಲ ಹಲ್ಲಿನ ಹಣಿಗೆಯಿಂದ ನಿಧಾನ ಬಾಚಿ. ಮೊದಲ ನೋಟಕ್ಕೆ ಕುರಿಮರಿಯಂತೆ ಕಾಣುತ್ತದೆ, ಹೆದರಬೇಡಿ, ಬಾಚುತ್ತ ಹೋದಂತೆ ಅಲೆ ಕೂಡಿಕೊಳ್ಳುತ್ತವೆ.

ಬಿಸಿ ಕಡ್ಡಿಯನ್ನೇ ಬಳಸುವುದಾದರೆ 150 ಡಿಗ್ರಿ ಸೆಲ್ಸಿಯಸ್ ದಾಟಬೇಡಿ, ಒಂದು ಭಾಗಕ್ಕೆ ಒಂದೇ ಸಲ. ಸುರುಳಿ ಬಿಸಿ ಇರುವಾಗ ಬಿಡದೆ, ಪಿನ್ನು ಹಾಕಿ ಪೂರ್ತಿ ಆರಿಸಿ. ನಿಮ್ಮದು ಅರ್ಧ ತಾಸಿನಲ್ಲಿ ಇಳಿಯಲು ಕಾರಣ ಬಹುತೇಕ ಇದೇ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಎರಕೊಂಡ ಮ್ಯಾಲ ಕೂದಲು ಅಂಟಂಟು, ಹೊಳಪೂ ಇಲ್ಲ. ಯಾವ ಸ್ಟೈಲೂ ಕೂಡಂಗಿಲ್ಲ. (ಗದಗ)

ಉತ್ತರ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡಿನಂಥ ಗಸಿ ಆಗುತ್ತದೆ, ಅದು ಕೂದಲಿಗೆ ಅಂಟುತ್ತದೆ. ತಲೆಗೆ ಮೈಸೋಪು ಹಚ್ಚುತ್ತಿದ್ದರೆ ಇಂದೇ ನಿಲ್ಲಿಸಿ, ಶಾಂಪೂ ಬಳಸಿ. ಕೊನೆಯ ಒಂದು ತಂಬಿಗೆ ನೀರು ಮಾತ್ರ ಕುಡಿಯುವ ಆರ್‌ಒ ಫಿಲ್ಟರ್‌ನದ್ದಿರಲಿ. ವಾರಕ್ಕೊಮ್ಮೆ 1 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ. ನೆತ್ತಿಯಲ್ಲಿ ಗಾಯವಿದ್ದರೆ ಬೇಡ, ಉರಿಯುತ್ತದೆ. ಸೀಗೆಕಾಯಿ ಬಳಸುವವರು ಪುಡಿಯನ್ನು ನೇರ ಹಚ್ಚದೆ ನೆನೆಸಿ, ಬಟ್ಟೆಯಲ್ಲಿ ಸೋಸಿದ ನೀರಷ್ಟೇ ಬಳಸಲಿ. ತೆಳು ಕೂದಲಿನಿಂದ ಪುಡಿ ಬಿಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ರಗಳೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಟೈಫಾಯ್ಡ್ ಆಗಿತ್ತು. ಈಗ ಕೂದಲು ಮುಷ್ಟಿ ಮುಷ್ಟಿ ಉದುರುತ್ತಿವೆ. 60ರ ದಶಕದ ನಟಿಯರಂತೆ ಬಾಯ್ ಕಟ್ ಮಾಡಿಸಿಬಿಡಲೇ? (ಕಾಲೇಜು ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಆಸೆಯಿಂದಾದರೆ ಮಾಡಿಸಿ, ಹೆದರಿಕೆಯಿಂದ ಬೇಡ. ಜೋರು ಜ್ವರದ ಎರಡು ಮೂರು ತಿಂಗಳ ನಂತರ ಹೀಗೆ ಉದುರುವುದು ಸಾಮಾನ್ಯ, ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಕತ್ತರಿಸಿದರೆ ಉದುರುವುದು ನಿಲ್ಲುವುದಿಲ್ಲ, ಉದುರಿದ್ದು ಗಿಡ್ಡ ಕಾಣುತ್ತದೆ ಅಷ್ಟೇ. ನಾಣ್ಯದಾಕಾರದಲ್ಲಿ ಬೋಳಾಗುತ್ತಿದ್ದರೆ, ಅಥವಾ ಆರು ತಿಂಗಳು ದಾಟಿದರೆ ಚರ್ಮವೈದ್ಯರ ಬಳಿ ಹೋಗಿ. ರಕ್ತದ ಕಬ್ಬಿಣಾಂಶ ಮತ್ತು ಥೈರಾಯ್ಡ್ ನೋಡಿಸುತ್ತಾರೆ. ಬಾಯ್ ಕಟ್‌ನಿಂದ ಗದ್ದದ ಬಾಬ್‌ಗೆ ಮರಳಲು ಒಂದು ವರ್ಷದ ಮೇಲೆಯೇ ಹಿಡಿಯುತ್ತದೆ, ನಡುವೆ ಕೆಲವು ತಿಂಗಳು ಯಾವ ಆಕಾರವೂ ಇರದು. ಆ ಲೆಕ್ಕ ಒಪ್ಪಿಗೆಯಾದರೆ ಮುಂದುವರಿಯಿರಿ.

ಪ್ರಶ್ನೆ: ಬಾಬ್ ಮಾಡಿಸೇನಿ. ಸೀರಿ ಉಟ್ಟಾಗ ಹೂವಿಲ್ಲದ ಬಣ ಬಣ. ಮುಡಿದ್ರ ಜಾರಿ ಬೀಳತೈತಿ. ಏನ್ ಮಾಡ್ಲಿ? (ಧಾರವಾಡ)

ಉತ್ತರ: ಮೊಳಗಟ್ಟಲೆ ಮಲ್ಲಿಗೆ ಬೇಡ, ಭಾರಕ್ಕೆ ಜಾರುತ್ತದೆ. ಒಂದು ಗೇಣು ಅಬ್ಬಲಿಗೆ ಹಗುರ, ಬಾಬ್‌ಗೆ ಅದೇ ಲಕ್ಷಣ. ಕಿವಿಯ ಹಿಂದೆ ಎರಡು ಪಿನ್ನುಗಳನ್ನು ಕತ್ತರಿ ಆಕಾರದಲ್ಲಿ ಅಡ್ಡಡ್ಡ ಚುಚ್ಚಿ. ಪಿನ್ನಿನ ಡೊಂಕು ಬದಿ ನೆತ್ತಿಯ ಕಡೆ ಇರಲಿ, ಹಿಡಿತವಿರುವುದು ಅದರಲ್ಲೇ. ನುಣುಪು ಕೂದಲಾದರೆ ಪಿನ್ನಿಗೆ ಮೊದಲೇ ಅಗಸಿ ಲೋಳೆ ಸವರಿ ಒಣಗಿಸಿಟ್ಟುಕೊಳ್ಳಿ. ಆ ಕತ್ತರಿಯ ನಡುವೆ ಹೂವಿನ ದಾರ ತೂರಿಸಿ, ತುದಿಗಳನ್ನು ಇನ್ನೊಂದು ಪಿನ್ನಿನಿಂದ ಒಳಗೆ ಮಡಚಿಬಿಡಿ.